1550–1780ರ ಇಂಗ್ಲೆಂಡ್: ಯಾವ ವರ್ಗದವರ ಲೋಟದಲ್ಲಿ ಏನಿರುತ್ತಿತ್ತು?

ಕಡತಪ್ರಿಯ:
"ಆ ಕಾಲದಲ್ಲಿ ನೀರು ಕೆಟ್ಟಿತ್ತು, ಅದಕ್ಕೇ ಎಲ್ಲರೂ ಬಿಯರ್ ಕುಡಿಯುತ್ತಿದ್ದರು" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಇದು ಎಷ್ಟು ನಿಜ? ಶ್ರೀಮಂತರ ಮನೆ, ವ್ಯಾಪಾರಿ, ಮನೆಯಾಳು, ಕೂಲಿಯವ ಇವರೆಲ್ಲ ಬೇರೆ ಬೇರೆ ಪಾನೀಯ ಕುಡಿಯುತ್ತಿದ್ದರೇ? ಸ್ಮಾಲ್ ಬಿಯರ್ ಅಂದರೆ ಬಿಯರಿಗೆ ನೀರು ಬೆರೆಸಿದ್ದೋ, ಅದರ ತಯಾರಿಯೇ ಬೇರೆಯೋ? ಚಹಾ ಬಡವರವರೆಗೆ ಬಂದದ್ದು ಯಾವಾಗ? ವಿವರ ತಿಳಿದವರು ಬರೆಯಿರಿ.

ಹುದುಗು:
ಸ್ಮಾಲ್ ಬಿಯರ್ ನೀರು ಬೆರೆಸಿದ್ದಲ್ಲ. ಒಂದೇ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎರಡು ಮೂರು ಸಲ ಬಸಿಯುತ್ತಿದ್ದರು. ಯಾರಿಗೆ ಎಷ್ಟನೆಯ ಬಸಿ ಅನ್ನುವುದರಲ್ಲೇ ಮನೆಯೊಳಗಿನ ಅಂತಸ್ತು ಕಾಣುತ್ತಿತ್ತು.

ಕೆಲಸ ಹೀಗೆ. ಮಾಲ್ಟನ್ನು ತರಿತರಿಯಾಗಿ ಒಡೆಯಬೇಕು. ನುಣ್ಣಗೆ ಬೀಸಿದರೆ ತೊಟ್ಟಿಯಲ್ಲಿ ಅಂಟಾಗಿ ಕೂತು ರಸ ಇಳಿಯುವುದೇ ಇಲ್ಲ. ನೀರು ಕುದಿಸಿ, ಸ್ವಲ್ಪ ಆರಲು ಬಿಟ್ಟು, ಆಮೇಲೆ ಮಾಲ್ಟಿನ ಮೇಲೆ ಹೊಯ್ಯಬೇಕು. ಥರ್ಮಾಮೀಟರ್ ಇಲ್ಲದ ಕಾಲ: ಹಬೆ ತಿಳಿಯಾಗಿ ನೀರಿನಲ್ಲಿ ಮುಖ ಕಂಡರೆ ಹದ ಬಂತು ಅಂತ ಲೆಕ್ಕ. ನಮ್ಮ ಅಳತೆಯಲ್ಲಿ ತೊಟ್ಟಿಯೊಳಗಿನ ಮಿಶ್ರಣ ಸುಮಾರು 65–68 ಡಿಗ್ರಿ ಸೆಲ್ಸಿಯಸ್ ಇರಬೇಕು. ಕುದಿಯುವ ನೀರನ್ನೇ ಸುರಿದರೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಸತ್ತು ಗಂಜಿಯಷ್ಟೇ ಉಳಿಯುತ್ತದೆ. ನೀರು ತೀರ ತಣ್ಣಗಿದ್ದರೆ ಸಕ್ಕರೆ ಬಿಡುವುದಿಲ್ಲ, ಹುಳಿ ಬೇಗ ಹತ್ತುತ್ತದೆ.

ಮೊದಲ ಬಸಿಯಲ್ಲಿ ಸಕ್ಕರೆ ಹೆಚ್ಚು, ಅದರಿಂದ ಗಟ್ಟಿ ಬಿಯರ್. ಅದೇ ಚರಟದ ಮೇಲೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು ಎರಡನೆಯದು, ಆಮೇಲೆ ಮೂರನೆಯದು. ಸ್ಮಾಲ್ ಬಿಯರ್ ಈ ಕೊನೆಯ ಬಸಿಗಳದ್ದು. ಮನೆಯಾಳುಗಳು, ಮಕ್ಕಳು, ಹೊಲದ ಕೂಲಿಗಳು ದಿನವಿಡೀ ಕುಡಿಯುತ್ತಿದ್ದದ್ದು. ಎಲ್ಲ ಬಸಿಗಳನ್ನೂ ಸೇರಿಸಿ ಒಂದೇ ಬಿಯರ್ ಮಾಡುವ ಮನೆಗಳೂ ಇದ್ದವು.

ಬಸಿದ ರಸವನ್ನು ಕಹಿ ಕೊಟ್ಟು ಕೆಡದಂತೆ ಕಾಯುವ ಹಾಪ್ಸ್ ಹೂವಿನೊಡನೆ ಒಂದೆರಡು ಗಂಟೆ ಕುದಿಸಿ, ಅಗಲ ಪಾತ್ರೆಗಳಲ್ಲಿ ಬೇಗ ಆರಿಸಿ, ಉಗುರುಬೆಚ್ಚಗಿರುವಾಗ ಹಿಂದಿನ ಬಿಯರಿನ ನೊರೆಯನ್ನು ಹೆಪ್ಪಾಗಿ ಹಾಕುತ್ತಿದ್ದರು. ಬಹಳ ಸಲ ಕೆಡುತ್ತಿದ್ದದ್ದು ಈ ಆರಿಸುವ ಹಂತದಲ್ಲೇ. ಬೇಸಿಗೆಯಲ್ಲಿ ರಸ ನಿಧಾನ ಆರುವಾಗ ಹುಳಿ ಬರಿಸುವ ಬ್ಯಾಕ್ಟೀರಿಯಾ ಮೊದಲು ಕೂತುಬಿಡುತ್ತದೆ. ಬಹುಕಾಲ ಇಡುವ ಬಿಯರನ್ನು ಮಾರ್ಚ್ ಅಥವಾ ಅಕ್ಟೋಬರಿನಲ್ಲಿ ಮಾಡುತ್ತಿದ್ದದ್ದು ಅದಕ್ಕೇ. ಸ್ಮಾಲ್ ಬಿಯರನ್ನು ಮಾತ್ರ ವರ್ಷವಿಡೀ ಸಣ್ಣ ಪ್ರಮಾಣದಲ್ಲಿ ಮಾಡಿ ಬೇಗ ಮುಗಿಸಬೇಕಿತ್ತು. ಅದರಲ್ಲಿ ಕಾಪಾಡುವಷ್ಟು ಆಲ್ಕೋಹಾಲ್ ಇರುವುದಿಲ್ಲ.

ಒಂದು ಗಟ್ಟಿ ಲೆಕ್ಕವೂ ಇದೆ. 16ನೆಯ ಶತಮಾನದ ಕೊನೆಯಲ್ಲಿ ಎಸೆಕ್ಸಿನ ಪಾದ್ರಿ ವಿಲಿಯಂ ಹ್ಯಾರಿಸನ್ ತನ್ನ ಹೆಂಡತಿಯ ತಯಾರಿಯನ್ನು ಬರೆದಿಟ್ಟಿದ್ದಾನೆ: 8 ಬುಷೆಲ್ (ಧಾನ್ಯದ ಅಳತೆ, ಸುಮಾರು 35 ಲೀಟರ್) ಮಾಲ್ಟಿಗೆ ಅರ್ಧ ಬುಷೆಲ್ ಗೋಧಿ ಹಿಟ್ಟು, ಅಷ್ಟೇ ಓಟ್ಸ್. ಸೌದೆ, ಹಾಪ್ಸ್, ಕೂಲಿ ಎಲ್ಲ ಸೇರಿ 20 ಷಿಲಿಂಗ್ (ಒಂದು ಪೌಂಡ್ ಹಣ) ಖರ್ಚಿಗೆ ಸುಮಾರು 200 ಗ್ಯಾಲನ್ ಬಿಯರ್, ಅಂದರೆ 900 ಲೀಟರ್ ಮೇಲೆ. ಶ್ರೀಮಂತರ ಮೇಜಿಗೆ ಬರುವ ಬಿಯರ್ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಹಳೆಯದು, ಮನೆಮಂದಿಯದಕ್ಕೆ ಒಂದು ತಿಂಗಳಾದರೆ ಸಾಕು ಎಂದೂ ಅವನೇ ಹೇಳುತ್ತಾನೆ. ಅಷ್ಟು ಸರಕನ್ನು ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಇಡಬಲ್ಲವನೇ ಸಿರಿವಂತ.

ನೀರಗಂಟಿ:
ಪ್ರಶ್ನೆಯ ಮೊದಲ ಭಾಗಕ್ಕೆ: ಆ ಮಾತು ತಪ್ಪು. ಜನ ನೀರು ಕುಡಿಯುತ್ತಿದ್ದರು, ಬಡವರಂತೂ ಧಾರಾಳವಾಗಿ. ಲಂಡನ್ನಿನ ಚೀಪ್‌ಸೈಡಿಗೆ ಊರಾಚೆಯ ಊಟೆಯ ನೀರನ್ನು ಕೊಳವೆಯಲ್ಲಿ ತರುವ ಕೆಲಸ 13ನೆಯ ಶತಮಾನದಲ್ಲೇ ಶುರುವಾಗಿತ್ತು. ಕೊಡ ತಂದು ತುಂಬಿಕೊಳ್ಳುವವರಿಗೆ ಅದು ಪುಕ್ಕಟೆ. ಹೊತ್ತು ಮಾರುವ ನೀರಾಳುಗಳೂ ಇದ್ದರು. 1582ರ ಸುಮಾರಿಗೆ ಲಂಡನ್ ಸೇತುವೆಯ ಕೆಳಗೆ ಪೀಟರ್ ಮೋರಿಸ್ ಕೂರಿಸಿದ ಚಕ್ರ ಥೇಮ್ಸ್ ನೀರನ್ನು ಮೇಲೆತ್ತಿತು. 1613ರಲ್ಲಿ ಹ್ಯೂ ಮಿಡಲ್ಟನ್ ಮುಗಿಸಿದ 'ನ್ಯೂ ರಿವರ್' ಕಾಲುವೆ ಹರ್ಟ್‌ಫರ್ಡ್‌ಶೈರಿನ ಊಟೆಗಳ ನೀರು ತಂದಿತು. ಅಲ್ಲಿಂದ ಎಲ್ಮ್ ಮರದ ಕೊಳವೆಯಲ್ಲಿ ಮನೆಯೊಳಗೇ ನೀರು, ಆದರೆ ಬಾಡಿಗೆ ಕಟ್ಟುವವರಿಗೆ ಮಾತ್ರ.

ವೈದ್ಯರು ನೀರನ್ನು ದೂರುತ್ತಿದ್ದುದು ನಿಜ, ಆದರೆ ಕ್ರಿಮಿಗಳ ಅರಿವಿನಿಂದಲ್ಲ. ನೀರು 'ಶೀತ', ಹೊಟ್ಟೆಯ ಬಿಸಿಯನ್ನು ಆರಿಸುತ್ತದೆ ಅನ್ನುವ ಧಾತು ಸಿದ್ಧಾಂತದಿಂದ. ಬಿಯರ್ ಕುದಿಸಿದ್ದರಿಂದ ಸುರಕ್ಷಿತವಾಗಿತ್ತು ಅನ್ನುವುದು ನಾವು ಈಗ ಕೊಡುವ ಕಾರಣ. ದುಡಿಯುವವನಿಗೆ ಅದು ಕುಡಿಯುವ ಅನ್ನ, ಕೂಲಿಯ ಒಂದು ಭಾಗ.

ಸುಂಕದಲೆಕ್ಕ:
ಇದಕ್ಕೆ ತೆರಿಗೆಯನ್ನೂ ಸೇರಿಸಿ ನೋಡಬೇಕು. 1643ರಿಂದ ಬಿಯರಿಗೆ ಅಬಕಾರಿ ಸುಂಕ ಬಂತು: ಪೀಪಾಯಿಯ ಬೆಲೆ 6 ಷಿಲಿಂಗ್ ಮೀರಿದರೆ 'ಗಟ್ಟಿ', ಅದಕ್ಕಿಂತ ಕೆಳಗಿದ್ದರೆ 'ಸ್ಮಾಲ್'. 1660ರ ನಂತರ ಮನೆಯಲ್ಲೇ ಮಾಡಿಕೊಂಡರೆ ಈ ಸುಂಕ ಇಲ್ಲ. ದೊಡ್ಡ ತಾಮ್ರದ ಹಂಡೆ, ತೊಟ್ಟಿ, ಸೌದೆ ಇದ್ದ ಜಮೀನುದಾರ ಪಾರಾದ. ಒಂದೇ ಕೋಣೆಯಲ್ಲಿ ಬಾಳುವ ಪೇಟೆಯ ಕೂಲಿಯವ ಅಂಗಡಿಯಲ್ಲಿ ಕೊಂಡು ಸುಂಕ ತೆತ್ತ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ದೊಡ್ಡ ಅನ್ಯಾಯ ಇದೇ.

ಕಾಫಿ: ಲಂಡನ್ನಿನ ಮೊದಲ ಕಾಫಿಮನೆ 1652ರದ್ದು, ಪಾಸ್ಕ್ವಾ ರೋಸೆಯದು. ಒಂದು ಪೆನ್ನಿ ಕೊಟ್ಟರೆ ವ್ಯಾಪಾರಿ, ಗುಮಾಸ್ತ, ವಕೀಲ ಯಾರಾದರೂ ಕೂರಬಹುದಿತ್ತು. 1660ರ ಕಾಯ್ದೆ ಬೀಜಕ್ಕಲ್ಲ, ತಯಾರಾದ ಕಾಫಿಗೆ ಗ್ಯಾಲನ್ನಿಗೆ 4 ಪೆನ್ಸ್ ಸುಂಕ ಹಾಕಿತು. ಚಹಾ, ಚಾಕೊಲೇಟಿಗೆ 8 ಪೆನ್ಸ್. ಅಧಿಕಾರಿ ಬಂದು ಅಳೆಯಬೇಕಾದ್ದರಿಂದ ಒಟ್ಟಿಗೆ ಕಾಸಿ ಪೀಪಾಯಿಯಲ್ಲಿಟ್ಟು, ಗಿರಾಕಿ ಬಂದಾಗ ಮತ್ತೆ ಬಿಸಿಮಾಡಿ ಕೊಡುತ್ತಿದ್ದರು. ರುಚಿ ಹೇಗಿದ್ದಿರಬೇಕೆಂದು ಊಹಿಸಬಹುದು.

ಚಹಾ: 1660ರ ಸುಮಾರಿಗೆ ಲಂಡನ್ನಿನಲ್ಲಿ ಒಂದು ಪೌಂಡ್ ತೂಕಕ್ಕೆ 16ರಿಂದ 50 ಷಿಲಿಂಗ್. ಕೂಲಿಯವನ ದಿನಗೂಲಿ ಒಂದು ಷಿಲಿಂಗಿನ ಆಸುಪಾಸು. ಹಾಗಾಗಿ ಯಜಮಾನಿ ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿ ತನ್ನ ಬಳಿ ಇಟ್ಟುಕೊಳ್ಳುತ್ತಿದ್ದಳು. 18ನೆಯ ಶತಮಾನದ ನಡುವಿನ ಹೊತ್ತಿಗೆ ಅಗ್ಗದ 'ಬೊಹಿ' ಕಪ್ಪು ಚಹಾ, ಅದರಲ್ಲೂ ಕಳ್ಳಸಾಗಣೆಯದ್ದು, ಬಡವರಿಗೂ ಸಿಕ್ಕಿತು. ಇಲ್ಲೂ ಎರಡನೆಯ ಬಸಿ ಇತ್ತು: ಸೋಸಿದ ಸೊಪ್ಪನ್ನು ಆಳುಗಳು ಒಣಗಿಸಿ ಮಾರುತ್ತಿದ್ದರು. ಸ್ಲೋ, ಆಶ್ ಮರಗಳ ಎಲೆ ಬೆರೆಸುವುದು ಹೆಚ್ಚಾಗಿ 1777ರಲ್ಲಿ ಅದರ ವಿರುದ್ಧ ಕಾಯ್ದೆಯೇ ಬಂತು. 1784ರಲ್ಲಿ ಸುಂಕ 119%ನಿಂದ 12.5%ಕ್ಕೆ ಇಳಿದಾಗ ಕಳ್ಳ ಚಹಾದ ಲಾಭ ಬತ್ತಿತು.

ಕಡತಪ್ರಿಯ:
ಉಪಕಾರವಾಯಿತು. ವೈನ್, ಜಿನ್, ನಾವಿಕರ ಪಾಲಿನ ಬಗ್ಗೆಯೂ ಯಾರಾದರೂ ಸೇರಿಸುತ್ತೀರಾ?

ಪೀಪಾಯಿ:
ವೈನ್ ಮೇಲ್ವರ್ಗದ್ದು. ಫ್ರಾನ್ಸಿನ ಬೋರ್ಡೋದ ಕೆಂಪು ವೈನ್ ಕ್ಲ್ಯಾರೆಟ್ ಪೀಪಾಯಿಯಲ್ಲಿ ಬರುತ್ತಿತ್ತು. ಖಾಲಿಯಾಗುತ್ತಾ ಗಾಳಿ ತುಂಬಿ ವಿನೆಗರ್ ಆಗುತ್ತಿದ್ದುದರಿಂದ ಬೇಗ ಕುಡಿದು ಮುಗಿಸುತ್ತಿದ್ದರು. ಗಟ್ಟಿ ಗಾಜಿನ ಸೀಸೆ, ಕಾರ್ಕ್ ಬಂದ ಮೇಲೆ ಹಳೆಯದಾಗಿಸುವುದು ಸಾಧ್ಯವಾಯಿತು. ಇಂಗ್ಲೆಂಡ್ ಮತ್ತು ಪೋರ್ಚುಗಲ್ ನಡುವಿನ 1703ರ ಮೆಥುಯೆನ್ ಒಪ್ಪಂದ ಪೋರ್ಚುಗೀಸ್ ವೈನಿನ ಸುಂಕವನ್ನು ಫ್ರೆಂಚ್ ವೈನಿಗಿಂತ ಮೂರನೆಯ ಒಂದು ಭಾಗ ಕಡಿಮೆ ಮಾಡಿತು. ಮಧ್ಯಮವರ್ಗ ಪೋರ್ಚುಗಲ್ಲಿನ ವೈನ್ ಪೋರ್ಟ್ ಕಡೆ ಹೊರಳಿತು, ಕ್ಲ್ಯಾರೆಟ್ ತೀರ ಸಿರಿವಂತರದಾಯಿತು.

ಸೇಬಿನ ಸೀಮೆಗಳಲ್ಲಿ ಸೈಡರ್, ಅಂದರೆ ಹುದುಗಿಸಿದ ಸೇಬಿನ ರಸ. ಹಿಂಡಿದ ಹಿಪ್ಪೆಗೆ ನೀರು ಹಾಕಿ ಮತ್ತೆ ಹಿಂಡಿದ 'ಸೈಡರ್‌ಕಿನ್' ಕೂಲಿಗಳಿಗೆ, ಮಕ್ಕಳಿಗೆ. ಡೆವನ್ನಿನಲ್ಲಿ ಜನರನ್ನು ಕಾಡುತ್ತಿದ್ದ ಹೊಟ್ಟೆನುಲಿತಕ್ಕೆ ಸೈಡರ್ ಯಂತ್ರಗಳಿಗೆ ಹಾಕಿದ ಸೀಸವೇ ಕಾರಣ, ಹುಳಿ ರಸ ಅದನ್ನು ಕರಗಿಸುತ್ತದೆ ಎಂದು 1767ರಲ್ಲಿ ವೈದ್ಯ ಜಾರ್ಜ್ ಬೇಕರ್ ತೋರಿಸಿದ.

ಜಿನ್ ಲಂಡನ್ ಬಡವರದ್ದು. 1736ರ ಕಾಯ್ದೆ 50 ಪೌಂಡ್ ಪರವಾನಗಿ ಕೇಳಿತು, ಬಹುತೇಕ ಯಾರೂ ಪಡೆಯಲಿಲ್ಲ, ಕದ್ದು ಮಾರಿದರು. ಟರ್ಪೆಂಟೈನ್ ಬೆರೆಸಿದ ಸರಕೂ ಹರಿದಾಡಿತು. ಹಿಡಿತ ಬಂದದ್ದು 1751ರ ಕಾಯ್ದೆಯ ನಂತರ.

ನೌಕಾಪಡೆಯಲ್ಲಿ ಆಳಿಗೆ ದಿನಕ್ಕೆ ಒಂದು ಗ್ಯಾಲನ್ ಬಿಯರ್. ಬಿಸಿಲ ಸಮುದ್ರದಲ್ಲಿ ಅದು ಕೆಡುತ್ತಿತ್ತು. 1655ರಲ್ಲಿ ಜಮೈಕಾ ಕೈಸೇರಿದ ಮೇಲೆ ಆ ಕಡೆಯ ಹಡಗುಗಳಲ್ಲಿ ರಮ್ ಹೊಕ್ಕಿತು. ಅರ್ಧ ಪೈಂಟ್ ಅಪ್ಪಟ ರಮ್ಮನ್ನು ಒಂದೇ ಗುಟುಕಿಗೆ ಇಳಿಸಿ ಹಗ್ಗದೇಣಿಯಿಂದ ಬೀಳುವವರು ಹೆಚ್ಚಾದಂತೆ, 1740ರಲ್ಲಿ ಅಡ್ಮಿರಲ್ ವರ್ನನ್ ಅದಕ್ಕೆ ಒಂದು ಕ್ವಾರ್ಟ್ (ಎರಡು ಪೈಂಟ್) ನೀರು ಬೆರೆಸಿ ದಿನಕ್ಕೆ ಎರಡು ಸಲ ಹಂಚಬೇಕೆಂದು ಆಜ್ಞೆ ಮಾಡಿದ. ಒಂದು ಪಾಲು ರಮ್ಮಿಗೆ ನಾಲ್ಕು ಪಾಲು ನೀರು. ಬೆರೆಸಿದ್ದನ್ನು ಕೂಡಿಟ್ಟು ಮತ್ತೊಂದು ದಿನ ಕುಡಿಯುವುದೂ ಕಷ್ಟವಾಯಿತು.