ಅಪ್‌ಡೇಟ್: ಅಪ್ಪಾರ ರೊಟ್ಟಿ ಉಳೀತು

ಅಪ್ಪಾರ ಎಚ್‌ಬಿಎ1ಸಿ (ರಕ್ತದಾಗಿನ ಸಕ್ಕರಿ ತೋರಿಸೋ ಟೆಸ್ಟ್) 6.2 ಬಂದೈತಿ, ಜೀನ್ ಟೆಸ್ಟ್ ಮಾಡಿಸಿ ಡಯಟ್ ಚಾರ್ಟ್ ತರಿಸಲೇನು ಅಂತ ಕೇಳಿದ್ದೆ. ತರಿಸಲಿಲ್ಲ. ಯುರೋಪಿನ 7 ದೇಶಗಳ ಫುಡ್‌ಫೋರ್‌ಮೀ ಅಧ್ಯಯನದಾಗ ವೈಯಕ್ತಿಕ ಸಲಹೆ ಪಡೆದವರ ಊಟ, ಸಾಮಾನ್ಯ ಸಲಹೆ ಸಿಕ್ಕವರಿಗಿಂತ ಸುಧಾರಿಸಿತ್ತು. ಅದಕ್ಕ ಜೀನ್ ಮಾಹಿತಿ ಸೇರಿಸಿದ್ರ ಹೆಚ್ಚಿನ ಲಾಭ ಕಾಣಲಿಲ್ಲ.

ಹಂಗಾಗಿ ಇಲ್ಲೇ ವಿಜಯಪುರದಾಗ ಡಯಟಿಷಿಯನ್ ಮೇಡಂ ಹತ್ರ ಹೋದ್ವಿ. ಮೊದಲ ಕೇಳಿದ್ದು, "ಕಾಕಾ, ನಿನ್ನಿ ಏನೇನ ತಿಂದ್ರಿ?" ಜೋಳದ ರೊಟ್ಟಿ ಬಿಡಿಸಲಿಲ್ಲ. ನಾಲ್ಕರ ಬದಲಿ ಎರಡು, ಜೋಡಿಗೆ ಮಡಕಿಕಾಳ ಪಲ್ಯ, ಹಸಿ ಮೆಂತ್ಯೆ, ಸೌತಿಕಾಯಿ. ಮ್ಯಾಲಿನ ಅನ್ನ ಅರ್ಧ. ಓಟ್ಸ್ ಅಂದಿದ್ರ ಅಪ್ಪಾರು ಅಲ್ಲೇ ಎದ್ದ ಬರ್ತಿದ್ರು ನೋಡ್ರಿ! ಈಗ ತಾವ ಮೆಂತ್ಯೆ ತೊಳದು ತಾಟಿನಾಗ ಇಟ್ಕೋತಾರ. ಸಂಜಿ ಚುರಮರಿ-ಭಜಿಗೆ ಮಾತ್ರ ಇನ್ನೂ ಜಗಳ ನಡದೈತಿ.

ಎಚ್‌ಬಿಎ1ಸಿ ಎರಡ್ಮೂರು ತಿಂಗಳ ಸಕ್ಕರಿ ಸರಾಸರಿ ತೋರಸ್ತದ, ಅದಕ್ಕ ಮುಂದಿನ ಟೆಸ್ಟಿಗೆ ಅವಸರ ಬ್ಯಾಡ ಅಂತ ಮೇಡಂ ಅಂದಾರ.