‘ಮೀಹೊ’ ಅಂದರೆ ಮಗನೋ, ಸಿರಿಧಾನ್ಯವೋ?

ತುಂಗಾತೀರ:
ನಾವು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಇದ್ದೇವೆ. ಪಕ್ಕದ ಮನೆಯಲ್ಲಿ ಮೆಕ್ಸಿಕೋದ ಒಬ್ಬ ಅಜ್ಜಿ ಇದ್ದಾರೆ. ನನ್ನ ಆರು ವರ್ಷದ ಮಗನನ್ನು ಕಂಡರೆ ಅವರಿಗೆ ಪ್ರಾಣ. ಬೇಲಿ ಹತ್ತಿರ ನಿಂತು ‘ಬೆನ್, ಮೀಹೊ’ ಅಂತ ಕರೆದು ಏನಾದರೂ ತಿನ್ನಲು ಕೊಡುತ್ತಾರೆ. ‘ಬೆನ್’ ಅಂದರೆ ಬಾ ಅಂತ ಗೊತ್ತಾಯಿತು. ಮೊನ್ನೆ ನನಗೆ ಜ್ವರ ಬಂದು ಮಲಗಿದ್ದಾಗ ಕೋಳಿ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು, ನನ್ನ ಹಣೆ ಮುಟ್ಟಿ ನೋಡಿ ನನ್ನನ್ನೂ ‘ಮೀಹೊ’ ಅಂದರು. ನನಗೆ ನಲವತ್ತು ವರ್ಷ. ಅಮ್ಮ ತೀರಿಕೊಂಡು ಎರಡು ವರ್ಷ ಆಯಿತು, ಆ ಮಾತು ಕೇಳಿ ಗಂಟಲು ಕಟ್ಟಿತು.

ಫೋನಿನಲ್ಲಿ ಹುಡುಕಿದರೆ ಸಿರಿಧಾನ್ಯ ಅಂತ ತೋರಿಸುತ್ತಿದೆ! ಮಗ ಅನ್ನುವುದಕ್ಕೆ ಬೇರೆ ಸ್ಪೆಲಿಂಗ್ ಬರುತ್ತಿದೆ. ಮುಂದಿನ ವಾರ ಅವರ ಹುಟ್ಟುಹಬ್ಬ, ಕಾರ್ಡಿನಲ್ಲಿ ಈ ಪದ ಬರೆಯಬೇಕು ಅಂತ ಆಸೆ. ಸರಿಯಾಗಿ ಹೇಗೆ ಬರೆಯುವುದು, ಹೇಗೆ ಅನ್ನುವುದು, ಯಾರಾದರೂ ಹೇಳುತ್ತೀರಾ?

ಬೆಟ್ಟದಹೂ:
ಎರಡೂ ಅರ್ಥ ಇದೆ, ಆದರೆ ಅಜ್ಜಿ ಅಂದಿದ್ದು ‘ನನ್ನ ಮಗನೇ’ ಅಂತ. ‘ಮಿ’ ಅಂದರೆ ನನ್ನ. ‘ಈಹೊ’ ಅಂದರೆ ಮಗ, ಸ್ಪೆಲಿಂಗ್ ಎಚ್-ಐ-ಜೆ-ಓ. ಸ್ಪ್ಯಾನಿಷ್‌ನಲ್ಲಿ ಎಚ್ ಬರೆಯುತ್ತಾರೆ, ಅನ್ನುವುದಿಲ್ಲ. ಆ ಅಕ್ಷರದ ಹೆಸರೇ ‘ಆಚೆ’, ಅದರಲ್ಲೂ ಮೊದಲಿಗೆ ಒಂದು ಸುಮ್ಮನಿರುವ ಎಚ್ ಇದೆ! ಹಾಗಾಗಿ ಮಿ + ಈಹೊ ಸೇರಿ ಮೀಹೊ. ಶಾಲೆಯಲ್ಲಿ ಗಿರಿ + ಈಶ = ಗಿರೀಶ ಅಂತ ಕಲಿತಿದ್ದೆವಲ್ಲ, ಅದೇ ಸವರ್ಣದೀರ್ಘ ಸಂಧಿ ಅಂದುಕೊಳ್ಳಿ.

ಕಾರ್ಡಿನಲ್ಲಿ ಎಂ-ಐ-ಜೆ-ಓ ಅಂತ ಒಂದೇ ಪದವಾಗಿ ಬರೆಯಿರಿ. ನಡುವೆ ಅಪಾಸ್ಟ್ರಫಿ ಹಾಕುವವರೂ ಇದ್ದಾರೆ. 1903ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಆಡಿದ ಫ್ಲೊರೆನ್ಸಿಯೊ ಸಾಂಚೆಸ್ ಅವರ ಪ್ರಸಿದ್ಧ ನಾಟಕದ ಹೆಸರಿನಲ್ಲೇ ಎಂ, ಅಪಾಸ್ಟ್ರಫಿ, ಆಮೇಲೆ ಎಚ್-ಐ-ಜೆ-ಓ ಅಂತ ಇದೆ. ಆದರೆ ಈಗಿನ ಸ್ಪ್ಯಾನಿಷ್ ಬರವಣಿಗೆಯಲ್ಲಿ ಅಪಾಸ್ಟ್ರಫಿ ಬಳಕೆ ಇಲ್ಲ, ಸುಮ್ನೆ ಒಟ್ಟಿಗೆ ಬರೆದುಬಿಡಿ. ‘ಇವನು ನನ್ನ ಮಗ’ ಅಂತ ಪರಿಚಯ ಬರೆಯುವಾಗ ಮಾತ್ರ ‘ಮಿ ಈಹೊ’ ಎರಡು ಪದ. ಹುಡುಗಿಯಾದರೆ ಮೀಹಾ. ಇನ್ನೂ ಮುದ್ದು ಉಕ್ಕಿದರೆ ಮಿಹೀತೊ, ಮಿಹೀತಾ.

ಉಚ್ಚಾರ: ‘ಮೀ’ ಮೇಲೆ ಒತ್ತು ಕೊಡಿ, ಕೊನೆಯ ‘ಒ’ ಎಳೆಯಬೇಡಿ. ಜೆ ಅಕ್ಷರ ನಮ್ಮ ‘ಜ’ ಅಲ್ಲ. ಕ್ಯೂಬಾ, ಪೋರ್ಟೊ ರಿಕೊ ಕಡೆ ಅದು ನಮ್ಮ ‘ಹ’ ಇದ್ದ ಹಾಗೇ. ಸ್ಪೇನಿನಲ್ಲಿ ಗಂಟಲಿನಿಂದ ಒರಟಾಗಿ ಬರುತ್ತದೆ, ಉರ್ದು ಬಲ್ಲವರು ‘ಖಬರ್’ ಅನ್ನುವಾಗ ಬರುವ ಸದ್ದಿನ ಹಾಗೆ. ನೀವು ಮೀಹೊ ಅಂದರೆ ಸಾಕು, ಅಜ್ಜಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಳೇಪದ:
ಸಿರಿಧಾನ್ಯದ ಕಥೆ ಬಿಡಬೇಡಿ, ನನಗೆ ಬಹಳ ಇಷ್ಟವಾದದ್ದು ಅದು. ಲ್ಯಾಟಿನ್‌ನಲ್ಲಿ ಮಗ ‘ಫಿಲಿಯುಸ್’, ಧಾನ್ಯ ‘ಮಿಲಿಯುಂ’. ಎರಡರಲ್ಲೂ ಇರುವ ‘ಲಿಯ್’ ಸ್ಪ್ಯಾನಿಷ್‌ನಲ್ಲಿ ಜೆ ಆಯಿತು. ಒಂದು ಈಹೊ ಆಯಿತು, ಇನ್ನೊಂದು ಮೀಹೊ. ‘ಮಿ’ ಹತ್ತಿದ ಮೇಲೆ ಮಗ ಹೋಗಿ ಧಾನ್ಯದ ಪದದ ಪಕ್ಕದಲ್ಲೇ ನಿಂತ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತ್ತಲ್ಲ, ಭಾರತ ಮುಂದಿಟ್ಟ ಪ್ರಸ್ತಾಪ ಅದು, ಅದರ ಸ್ಪ್ಯಾನಿಷ್ ಹೆಸರಿನಲ್ಲೂ ಇದೇ ‘ಮೀಹೊ’ ಇದೆ.

ಇನ್ನೊಂದು ಮಾತು. ಫಿಲಿಯುಸ್‌ನ ‘ಫ’ ಎಲ್ಲಿ ಹೋಯಿತು? ಮೊದಲು ‘ಹ’ ಆಯಿತು, ಆಮೇಲೆ ಬಾಯಿಂದ ಬಿದ್ದುಹೋಯಿತು, ಬರವಣಿಗೆಯಲ್ಲಿ ಎಚ್ ಮಾತ್ರ ಉಳಿಯಿತು. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳಗನ್ನಡದ ಪಾಲ್ ನಮಗೆ ಹಾಲು, ಪುಲಿ ಹುಲಿ, ಪೆಸರ್ ಹೆಸರು. ಹಳೇ ಮೈಸೂರು ಕಡೆ ಎಷ್ಟೋ ಊರುಗಳಲ್ಲಿ ಆ ‘ಹ’ ಕೂಡ ಹೋಗಿ ‘ಆಲು’ ಅನ್ನುತ್ತಾರೆ. ನನ್ನ ಅಜ್ಜಿ ಹಾಗೇ ಅನ್ನುತ್ತಿದ್ದರು. ಅದನ್ನು ತಪ್ಪು ಅನ್ನುವವರಿಗೆ ನಾನು ಈ ‘ಈಹೊ’ ತೋರಿಸುತ್ತೇನೆ: ಒಂದು ಇಡೀ ಭಾಷೆ ಅದೇ ದಾರಿ ಹಿಡಿದಿದೆ. ತಮಿಳಿನಲ್ಲಿ ‘ಪ’ ಉಳಿದ ಹಾಗೆ ಪೋರ್ಚುಗೀಸಿನಲ್ಲಿ ‘ಫ’ ಉಳಿದಿದೆ, ಅಲ್ಲಿ ಮಗ ‘ಫಿಲ್ಯು’.

ಮಲೆನಾಡ್‌ಮನೆ:
ಬಳಕೆಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ದೊಡ್ಡವರು ಚಿಕ್ಕವರನ್ನು ಮೀಹೊ ಅನ್ನುತ್ತಾರೆ, ರಕ್ತಸಂಬಂಧ ಬೇಕಿಲ್ಲ. ಸರೀಕರೂ ಅಂದುಕೊಳ್ಳುತ್ತಾರೆ, ನಮ್ಮ ಹುಡುಗರು ಗೆಳೆಯನನ್ನು ‘ಮಗಾ’ ಅನ್ನುವ ಹಾಗೆ. ಹಾಗಂತ ಚಿಕ್ಕವರು ಹಿರಿಯರಿಗೆ ಅನ್ನುವ ಮಾತಲ್ಲ. ಕೊಲಂಬಿಯಾ, ಪೋರ್ಟೊ ರಿಕೊ ಕಡೆ ಪುಟ್ಟ ಮಗನನ್ನೇ ‘ಪಾಪಿ’, ಮಗಳನ್ನು ‘ಮಾಮಿ’ ಅಂತ ಕರೆಯುತ್ತಾರೆ. ನಾವೂ ಮಗುವಿಗೆ ಬಾರಪ್ಪ, ಬಾರಮ್ಮ ಅನ್ನುತ್ತೇವಲ್ವಾ?

ಬಹುವಚನದಲ್ಲಿ ಒಂದು ಎಚ್ಚರ. ‘ಈಹೊಸ್’ ಅಂದರೆ ಗಂಡುಮಕ್ಕಳು ಅಂತ ಮಾತ್ರ ಅಲ್ಲ, ನಮ್ಮ ‘ಮಕ್ಕಳು’ ಕೂಡ ಅದೇ. ನನಗೆ ಇಬ್ಬರು ಹೆಣ್ಣುಮಕ್ಕಳು. ಒಂದು ಕ್ಲಿನಿಕ್‌ನಲ್ಲಿ ಈಹೊಸ್ ಎಷ್ಟು ಅಂತ ಕೇಳಿದಾಗ ಇಲ್ಲ ಅಂದುಬಿಟ್ಟೆ, ಫಾರಂನಲ್ಲಿ ಮಕ್ಕಳಿಲ್ಲ ಅಂತಲೇ ಬರೆದುಕೊಂಡರು. ಆಮೇಲೆ ತಿದ್ದಿಸಲು ಮತ್ತೆ ಹೋಗಬೇಕಾಯಿತು.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ಒದ್ದೆ ಆಯಿತು. ಇನ್ನೊಂದೇ ಪ್ರಶ್ನೆ. ಮಗ ಅವರನ್ನು ಏನಂತ ಕರೆಯಲಿ? ಈಗ ಹೆಸರು ಹಿಡಿದು ಕರೆಯುತ್ತಾನೆ, ನನಗೆ ಸರಿ ಕಾಣುವುದಿಲ್ಲ.

ಬೆಟ್ಟದಹೂ:
ಹೆಸರಿಗೆ ಮೊದಲು ‘ದೋನ್ಯಾ’ ಸೇರಿಸಲಿ, ಮರ್ಯಾದೆಯ ಮಾತು. ‘ಅಬ್ವೆಲೀತಾ’ ಅಂದರೆ ಅಜ್ಜಮ್ಮ. ಹಾಗೆ ಕರೆಯಬಹುದಾ ಅಂತ ಮೊದಲು ಅವರನ್ನೇ ಕೇಳಿ, ಒಪ್ಪದೇ ಇರುವುದು ಕಷ್ಟ. ಮತ್ತೆ, ಅವರು ಕರೆದಾಗ ‘ಕೆ?’ (ಏನು?) ಅನ್ನುವ ಬದಲು ‘ಮಾಂದೆ?’ (ಅಪ್ಪಣೆ ಕೊಡಿ) ಅನ್ನಲಿ. ಮೆಕ್ಸಿಕೋದ ಮನೆಗಳಲ್ಲಿ ಮಕ್ಕಳು ಹಿರಿಯರಿಗೆ ಓಗೊಡುವುದು ಹಾಗೆ.