89ಎಸ್52 ತೆಗೆದು ಎಸ್‌ಟಿಎಂ32 ಹಾಕಿದೆ, ರಿಲೇ ಬಿಡ್ತಾನೇ ಇಲ್ಲ

ಪೆರ್ಲದ ತೋಟದಿಂದ:
ಅಡಿಕೆ ತೋಟದ ಪಂಪಿಗೆ ಎಟಿ89ಎಸ್52 ಮೈಕ್ರೋಕಂಟ್ರೋಲರ್ ಚಿಪ್ ಹಾಕಿ ನಾನೇ ಮಾಡಿದ ಟೈಮರ್ ಬೋರ್ಡು ಒಂಬತ್ತು ವರ್ಷ ಚೆನ್ನಾಗಿ ಓಡಿತು. ಅದರ 8 ಕೆಬಿ ಫ್ಲ್ಯಾಶ್ (ಪ್ರೋಗ್ರಾಂ ಇಡುವ ಜಾಗ) ತುಂಬಿದೆ, ಜಿಎಸ್‌ಎಂ ಮೊಬೈಲ್ ಸಂಪರ್ಕ ಸೇರಿಸಲು ಜಾಗ ಇಲ್ಲ. ಅದಕ್ಕೆ ಎಸ್‌ಟಿಎಂ32ಎಫ್103ಸಿ8 ಎಂಬ 3.3 ವೋಲ್ಟಿನ ಚಿಪ್ ತಂದೆ. ಪಂಪನ್ನು ಆನ್-ಆಫ್ ಮಾಡುವ ರಿಲೇ ಭಾಗ ಹಳೆಯದೇ: ಬಿಸಿ557 (ಪಿಎನ್‌ಪಿ ಟ್ರಾನ್ಸಿಸ್ಟರ್), ಎಮಿಟರ್ 5 ವೋಲ್ಟಿಗೆ, ಬೇಸಿಗೆ 2.2ಕೆ, ಪಿನ್ ಲೋ ಆದರೆ ಆನ್. ಈಗ ಆನ್ ಆಗುತ್ತದೆ, ಆಫ್ ಆಗುವುದಿಲ್ಲ. ರಿಲೇಯ ಪಿನ್ ಪಿಎ1 ಹೈ ಮಾಡಿ ಮೀಟರ್ ಇಟ್ಟರೆ 3.3 ವೋಲ್ಟ್ ಸರಿಯಾಗಿಯೇ ಬರುತ್ತಿದೆ. ನಮ್ಮದು ಸುರಂಗದ ನೀರು ಬೀಳುವ ಸಣ್ಣ ಕೆರೆ, ಮಾರ್ಚ್ ಕಳೆದ ಮೇಲೆ ಪಂಪು ಅರ್ಧ ಗಂಟೆ ಜಾಸ್ತಿ ಓಡಿದರೂ ತಳ ಕಾಣುತ್ತದೆ. ಹಾಗಾಗಿ ಸ್ಟಾರ್ಟರಿಗೆ ಇನ್ನೂ ಕೊಟ್ಟಿಲ್ಲ.

ಮುಳ್ಳೇರಿಯದಿಂದ:
ಆ 3.3ರಲ್ಲೇ ಇದೆ ಅಣ್ಣಾ ತೊಂದರೆ. ಎಮಿಟರ್ 5ರಲ್ಲಿದೆ, ಬೇಸ್-ಎಮಿಟರಿಗೆ 0.7 ಹೋದರೂ ರೆಸಿಸ್ಟರಿನ ಮೇಲೆ 1 ವೋಲ್ಟ್ ಉಳಿಯಿತಲ್ವಾ, ಅಂದರೆ ಸುಮಾರು 0.45 ಮಿಲಿಆಂಪ್, ಗೇನ್ 100 ಅಂತ ಹಿಡಿದರೂ ಕಾಯಿಲಿಗೆ 45 ಮಿಲಿಆಂಪ್. ಒಮ್ಮೆ ಎಳೆದ ರಿಲೇ ಹಿಡಿದುಕೊಂಡೇ ಇರಲು ಅಷ್ಟು ಸಾಕು. ಪಿಎ1ಕ್ಕೆ ಸುಮ್ನೆ 5 ವೋಲ್ಟಿನ ಪುಲ್-ಅಪ್ (ಪಿನ್ನನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್) ಹಾಕಬೇಡಿ, ಆ ಪಿನ್ 5 ವೋಲ್ಟ್ ತಡೆಯುವುದಲ್ಲ. ಬಿಸಿ547 (ಎನ್‌ಪಿಎನ್ ಟ್ರಾನ್ಸಿಸ್ಟರ್) ಹಾಕಿ, ಪಿನ್ ಹೈ ಆದರೆ ಆನ್ ಅಂತ ಮಾಡಿ. ಪಿನ್ನಿನಿಂದ ಗ್ರೌಂಡಿಗೆ 10ಕೆ ಮರೆಯಬೇಡಿ. 8051ರಲ್ಲಿ, ಅಂದರೆ ನಿಮ್ಮ ಹಳೆಯ ಚಿಪ್ಪಿನ ಜಾತಿಯಲ್ಲಿ, ರಿಸೆಟ್ ಆದಾಗ ಪಿನ್‌ಗಳು ಹೈ ಇರುತ್ತವೆ, ಇದರಲ್ಲಿ ಹೈಯೂ ಅಲ್ಲದೆ ಲೋವೂ ಅಲ್ಲದೆ ತೇಲುತ್ತವೆ. ಕರೆಂಟ್ ಹೋಗಿ ಬಂದಾಗಲೆಲ್ಲ ಪಂಪು ಟಕ್ ಅಂದರೆ ಕಷ್ಟ.

ಕುಂಬಳೆಯಿಂದ:
ಮೇಲಿನವರು ಹೇಳಿದ್ದು ಸರಿ. ಕೋಡಿನ ಕಡೆಯೂ ನೋಡಿ. ಹಳೆಯದು ಕೈಲ್ ಸಿ51 ಕಂಪೈಲರಿನಲ್ಲಿ ಬರೆದದ್ದಾದರೆ ಅಲ್ಲಿ ಇಂಟ್ (ಪೂರ್ಣಾಂಕ) 16 ಬಿಟ್, ಇಲ್ಲಿ 32. 65535 ಆದ ಮೇಲೆ ಸೊನ್ನೆಗೆ ತಿರುಗುತ್ತದೆ ಅಂತ ನಂಬಿ ಬರೆದ ಲೆಕ್ಕ ಇದ್ದರೆ ಕೆಡುತ್ತದೆ. ಇನ್ನೊಂದು, ಎರಡು ಬೈಟಿನ ಸಂಖ್ಯೆಯಲ್ಲಿ ಸಿ51 ದೊಡ್ಡ ಬೈಟನ್ನು ಮೊದಲು ಇಡುತ್ತದೆ, ಎಸ್‌ಟಿಎಂ32 ಸಣ್ಣದನ್ನು. ಹಳೆಯ ಸೆಟ್ಟಿಂಗ್ 24ಸಿ02 ಮೆಮೊರಿ ಚಿಪ್ಪಿನಲ್ಲಿ ಹಾಗೇ ಇದೆಯಾ?

ಪೆರ್ಲದ ತೋಟದಿಂದ:
ಹಾಗೇ ಇತ್ತು! ಓದಿಸಿ ನೋಡಿದೆ, 30 ನಿಮಿಷ ಅಂತ ಇಟ್ಟದ್ದು 7680 ಅಂತ ಬಂತು. ಅಂದರೆ ಐದು ದಿನಕ್ಕಿಂತ ಜಾಸ್ತಿ, ಕೆರೆಯ ಗತಿ ನೆನೆಸಿ ಎದೆ ಧಸಕ್ಕೆಂದಿತು. ಈಗ ಎರಡು ಬೈಟನ್ನೂ ಬೇರೆ ಬೇರೆಯಾಗಿ ಓದಿ ಜೋಡಿಸುತ್ತಿದ್ದೇನೆ. ಬಿಸಿ547 ಹಾಕಿದ ಮೇಲೆ ರಿಲೇ ಸರಿಯಾಗಿ ಬಿಡುತ್ತಿದೆ. ಪ್ಲಗ್ ಇಪ್ಪತ್ತು ಸಲ ತೆಗೆದು ಹಾಕಿದೆ, ಒಮ್ಮೆಯೂ ಟಕ್ ಅನ್ನಲಿಲ್ಲ. ಇಬ್ಬರಿಗೂ ತುಂಬಾ ಉಪಕಾರ ಆಯಿತು. ಒಂದು ವಾರ ಬಲ್ಬಿಗೆ ಕೊಟ್ಟು ಓಡಿಸಿ, ಆಮೇಲೆ ಸ್ಟಾರ್ಟರಿಗೆ ಜೋಡಿಸುತ್ತೇನೆ.